ಕಾಂಡಿಮೆಂಟ್ಸ್ ಅಂಗಡೀಲಿ ಕೋಡುಬಳೆ ತಗೊಳ್ಳೋಕೂ ಒಂದು ಲೆಕ್ಕ ಇದೆ

ಡಿಕ್ಷನರಿ ತೆಗೆದು ನೋಡಿದ್ರೆ ಕಾಂಡಿಮೆಂಟ್ಸ್ ಅನ್ನೋದಕ್ಕೆ ಸಾಸು, ಮಸಾಲೆ, ಉಪ್ಪಿನಕಾಯಿ ಅಂತ ಏನೇನೋ ಅರ್ಥ ಇರತ್ತೆ, ಆದ್ರೆ ಬೆಂಗಳೂರಲ್ಲಿ ಆ ಬೋರ್ಡ್ ಕಂಡ್ರೆ ಒಂದೇ ಅರ್ಥ, ಒಳಗೆ ಕೋಡುಬಳೆ ಚಕ್ಕುಲಿ ನಿಪ್ಪಟ್ಟು ಇದೆ. ಬಸವನಗುಡಿ, ಮಲ್ಲೇಶ್ವರ, ಜಯನಗರ, ರಾಜಾಜಿನಗರ ಎಲ್ಲಿ ಹೋದ್ರೂ ಎರಡು ರಸ್ತೆಗೊಂದು ಸಿಗತ್ತೆ. ಹೊಸದಾಗಿ ಊರಿಗೆ ಬಂದ ನಮ್ಮ ಚಿಕ್ಕಪ್ಪನ ಮಗಳು ಮೊನ್ನೆ ಹೋಗಿ ಸಾವಿರದ ಇನ್ನೂರು ರೂಪಾಯಿ ಬಿಲ್ ಮಾಡ್ಕೊಂಡು ಬಂದ್ಲು, ಮನೇಲಿ ಬಿಚ್ಚಿ ನೋಡಿದ್ರೆ ಅರ್ಧ ಯಾರೂ ಮುಟ್ಟದ ತಿಂಡಿ, ಇನ್ನರ್ಧ ಎರಡೇ ದಿನಕ್ಕೆ ಮೆತ್ತಗಾಯ್ತು. ಅವಳಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಾ ಇದೀನಿ, ಸ್ವಲ್ಪ ಉದ್ದ ಆಗತ್ತೆ, ಕಾಫಿ ಇಟ್ಕೊಂಡು ಓದಿ.

ಮೊದಲು ರೇಟಿನ ವಿಷಯ ಮುಗಿಸ್ಬಿಡೋಣ. ಪ್ಯಾಕೆಟ್ ಮೇಲಿರೋ ರೇಟ್ ನೋಡಲೇಬೇಡಿ, ಕೆಜಿಗೆ ಎಷ್ಟು ಬೀಳತ್ತೆ ಅಂತ ಮಾತ್ರ ನೋಡಿ. ಒಂದು ಅಂಗಡೀಲಿ ಚಕ್ಕುಲಿ ಪ್ಯಾಕೆಟ್ 80 ರೂಪಾಯಿ, ಪಕ್ಕದ ಅಂಗಡೀಲಿ 75 ಅಂದ್ರೆ ನಾವು 75ರದ್ದು ಎತ್ಕೋತೀವಿ, ಆದ್ರೆ 80ರದ್ದು 200 ಗ್ರಾಂ ಇದ್ದು 75ರದ್ದು 170 ಗ್ರಾಂ ಇದ್ರೆ ಮೊದಲನೇದು ಕೆಜಿಗೆ 400, ಎರಡನೇದು 440 ದಾಟತ್ತೆ. ಐದು ರೂಪಾಯಿ ಉಳಿಸಿದ್ವಿ ಅಂತ ಖುಷಿಯಾಗಿ ಬರ್ತೀವಿ ಅಷ್ಟೇ. ಹಳೇ ಕಾಲದ ಹಾಗೆ ಎಲ್ಲಾ ಪ್ಯಾಕೆಟ್ಟೂ ಕಾಲು ಕೆಜಿ ಇರಲ್ಲ ಈಗ, 150, 170, 180, 200 ಹೀಗೆ ಒಂದೊಂದು ಒಂದೊಂದು ಥರ. ಇದಕ್ಕೆ ಒಂದು ಸುಲಭ ದಾರಿ ಇದೆ, ಎಂಆರ್‌ಪಿ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಗ್ರಾಂಗೆ ಎಷ್ಟು ಅಂತ ಹಾಕಿರ್ತಾರೆ, 2022ರಲ್ಲಿ ಬಂದ ನಿಯಮ ಅದು, ಯೂನಿಟ್ ಸೇಲ್ ಪ್ರೈಸ್ ಅಂತ. ಅಲ್ಲಿ 0.45 ಅಂತ ಇದ್ರೆ ಸಾವಿರದಿಂದ ಗುಣಿಸಿ, ಕೆಜಿಗೆ 450. ಕನ್ನಡಕ ಬೇಕಾಗತ್ತೆ, ಅದೊಂದು ಕಷ್ಟ.

ಲೂಸ್ ತಗೊಳ್ಳೋದು ಇನ್ನೂ ಸಲೀಸು, ರೇಟ್ ಬೋರ್ಡ್ ಕೆಜಿ ಲೆಕ್ಕದಲ್ಲೇ ಇರತ್ತೆ. ಜಿಎಸ್‌ಟಿ ಕಮ್ಮಿ ಆಯ್ತಲ್ಲ ನೀವ್ಯಾಕೆ ಕಮ್ಮಿ ಮಾಡಿಲ್ಲ ಅಂತ ಲೂಸ್ ಚಕ್ಕುಲಿಗೆ ಜಗಳ ಆಡೋರನ್ನ ನೋಡಿದೀನಿ, ಅದು ಸರಿಯಲ್ಲ. 2025ರ ಸೆಪ್ಟೆಂಬರ್ 22ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಖಾರದ ತಿಂಡಿಗೆ ಶೇ 12 ಇದ್ದ ತೆರಿಗೆ ಶೇ 5ಕ್ಕೆ ಇಳೀತು, ಲೂಸಿಗೆ ಮುಂಚೆಯಿಂದಲೂ 5 ಇತ್ತು, ಅದರಲ್ಲಿ ಇಳಿಯೋಕೆ ಏನೂ ಇರಲಿಲ್ಲ. ಪ್ಯಾಕೆಟ್ಟಿಗಾದ್ರೆ 112 ರೂಪಾಯಿ ಇದ್ದದ್ದು 105ಕ್ಕೆ ಬರಬೇಕು, ಲೆಕ್ಕ ಅಷ್ಟೇ, ಅದನ್ನ ಕೇಳೋ ಹಕ್ಕು ನಿಮಗಿದೆ. ಇನ್ನು ರೇಟ್ ಏರಿದ್ದಕ್ಕೆ ದೊಡ್ಡ ಕಾರಣ ಎಣ್ಣೆ. 2024ರ ಸೆಪ್ಟೆಂಬರಲ್ಲಿ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆ ಮೇಲೆ ಆಮದು ಸುಂಕ ಜೋರಾಗಿ ಏರಿಸಿದ್ರು, ರಿಫೈನ್ ಮಾಡದ ಕಚ್ಚಾ ಅಡುಗೆ ಎಣ್ಣೆಗೆ ಎಲ್ಲಾ ಸೇರಿ 5.5 ಪರ್ಸೆಂಟ್ ಇದ್ದದ್ದು 27.5 ಆಯ್ತು, ಆಮೇಲೆ 2025ರ ಮೇ ಕೊನೇಲಿ ಸ್ವಲ್ಪ ಇಳಿಸಿದ್ರು. ಎಣ್ಣೇಲೇ ಮುಳುಗಿ ಏಳೋ ಪದಾರ್ಥ, ಎಣ್ಣೆ ಏರಿದಾಗ ಕೋಡುಬಳೆ ಏರತ್ತೆ, ಎಣ್ಣೆ ಇಳಿದಾಗ ಕೋಡುಬಳೆ ಮಾತ್ರ ಇಳಿದಿದ್ದನ್ನ ನಾನಂತೂ ಕಾಣೆ.

ನಾನು ಓಡಾಡೋ ಅಂಗಡಿಗಳಲ್ಲಿ ಈಚೆಗೆ ಕೊಟ್ಟಿರೋ ರೇಟ್ ಹೇಳ್ತೀನಿ, ಏರಿಯಾಗೊಂದು ರೇಟ್ ಇರತ್ತೆ ಅನ್ನೋದು ನೆನಪಿರಲಿ. ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು ಮೂರೂ ಹೆಚ್ಚುಕಮ್ಮಿ ಕೆಜಿಗೆ 340ರಿಂದ 450ರ ಒಳಗೆ. ಬೆಣ್ಣೆ ಅಂತ ಹೆಸರು ಸೇರಿದ್ರೆ ಐವತ್ತು ರೂಪಾಯಿ ಮೇಲೆ. ಅವಲಕ್ಕಿ ಮಿಕ್ಸ್ಚರ್, ಖಾರಾ ಬೂಂದಿ, ಓಂಪುಡಿ 280ರಿಂದ 380. ಕಾಂಗ್ರೆಸ್ ಕಡಲೆಕಾಯಿ ಅನ್ನೋ ಮಸಾಲೆ ಕಡಲೇಬೀಜ 350 ಆಸುಪಾಸು. ಹುರಿದ ಅವರೆಬೇಳೆ 500ಕ್ಕಿಂತ ಕಮ್ಮಿಗೆ ಒಳ್ಳೇದು ಸಿಗೋದು ಕಷ್ಟ. ಮಸಾಲೆ ಗೋಡಂಬಿ ಸಾವಿರದ ಮೇಲೆ, ಅದನ್ನ ನೂರು ಗ್ರಾಂ ತಗೊಂಡು ಡಬ್ಬ ಬಚ್ಚಿಡಬೇಕು. ನಿಮ್ಮ ಅಂಗಡೀಲಿ ಇದಕ್ಕಿಂತ ತುಂಬಾ ಕಮ್ಮಿ ಇದ್ರೆ ಖುಷಿ ಪಡೋದಕ್ಕೆ ಮುಂಚೆ ಒಂದು ತುಂಡು ಬಾಯಿಗೆ ಹಾಕಿ ನೋಡಿ, ಎಣ್ಣೆ ಕತೆ ಅಲ್ಲೇ ಗೊತ್ತಾಗತ್ತೆ.

ರುಚಿ ನೋಡೋದಕ್ಕೆ ಸಂಕೋಚ ಬೇಡ. "ಅಣ್ಣಾ, ಒಂದು ಪೀಸ್ ಕೊಡಿ ನೋಡೋಣ" ಅಂದ್ರೆ ಒಳ್ಳೆ ಅಂಗಡಿಯೋರು ಕೇಳೋಕೆ ಮುಂಚೆನೇ ಕೈಗೆ ಹಾಕ್ತಾರೆ. ಕೊಡಲ್ಲ ಅಂದೋರ ಹತ್ರ ನೂರು ಗ್ರಾಂ ತಗೊಂಡು ಅಲ್ಲೇ ಮುಂದೆ ನಿಂತು ತಿಂದು ನೋಡಿ, ಚೆನ್ನಾಗಿದ್ರೆ ಮತ್ತೆ ಒಳಗೆ ಹೋಗಿ. ಇವತ್ತಿಂದಾ ಅಂತ ಮಾತ್ರ ಕೇಳಬೇಡಿ, ಆ ಪ್ರಶ್ನೆಗೆ ಪ್ರಪಂಚದಲ್ಲಿ ಯಾವ ಅಂಗಡಿಯೋರೂ ಅಲ್ಲ ಅಂದಿಲ್ಲ. ಯಾವುದು ಈಗ ತಾನೇ ಬಂತು ಅಂತ ಕೇಳಿ, ಆಗ ಅವರೇ ಒಂದು ಡಬ್ಬದ ಕಡೆ ಕೈ ತೋರಿಸ್ತಾರೆ, ಮಿಕ್ಕಿದ್ದೆಲ್ಲಾ ಈಗ ಬಂದಿದ್ದಲ್ಲ ಅಂತ ನಮಗೆ ತಾನಾಗೇ ಗೊತ್ತಾಗತ್ತೆ. ಈ ಟ್ರಿಕ್ ನಮ್ಮ ದೊಡ್ಡಮ್ಮಂದು.

ದೊಡ್ಡಮ್ಮನ ಕೋಡುಬಳೆ ಪರೀಕ್ಷೆನೂ ಹೇಳ್ಬೇಕು. ಎರಡು ಬೆರಳಲ್ಲಿ ಹಿಡಿದು ಮುರಿದ್ರೆ ಟಕ್ ಅಂತ ಒಂದೇ ಸದ್ದಿಗೆ ಮುರೀಬೇಕು, ಮುರಿದ ಜಾಗ ಒಳಗೂ ಹೊರಗೂ ಒಂದೇ ಬಣ್ಣ ಇರಬೇಕು. ಒಳಗೆ ಬಿಳಿ ಹಿಟ್ಟು ಕಾಣಿಸಿದ್ರೆ ಜೋರು ಉರೀಲಿ ಅವಸರಕ್ಕೆ ಕರಿದಿದಾರೆ ಅಂತ, ಮೇಲೆ ಕೆಂಪಗಾಗಿರತ್ತೆ ಒಳಗೆ ಬೆಂದಿರಲ್ಲ, ಅದು ಸಾಯಂಕಾಲದ ಹೊತ್ತಿಗೆ ರಬ್ಬರ್. ಇನ್ನು ಕೆಲವು ಕಲ್ಲಿನ ಥರ ಇರತ್ತೆ, ಹಲ್ಲು ಕೇಳತ್ತೆ, ಅದಕ್ಕೆ ಹುರಿಗಡಲೆ ಹಿಟ್ಟು ಸಾಲದು ಅಥವಾ ಕಾಯಿಸಿದ ಎಣ್ಣೆ ಹಾಕಿ ಕಲಸಿಲ್ಲ. ಕೋಡುಬಳೆಗಳಲ್ಲೂ ಜಾತಿ ಇದೆ, ಬ್ಯಾಡಗಿ ಮೆಣಸಿನಕಾಯಿ ಹಾಕಿದ ಕೆಂಪು ಖಾರದ ಕೋಡುಬಳೆ ಒಂದು, ಬಿಳೀ ಬೆಣ್ಣೆ ಕೋಡುಬಳೆ ಒಂದು, ಇವೆರಡೂ ಇಟ್ಕೊಂಡು ತಿನ್ನೋವು. ಮಜ್ಜಿಗೆ ಅಥವಾ ಮೊಸರು ಕೋಡುಬಳೆ ಬೇರೆ, ಅದು ಮೇಲೆ ಗರಿ ಒಳಗೆ ಮೆತ್ತಗೆ, ಬಿಸಿ ಇದ್ದಾಗ ಅಲ್ಲೇ ತಿಂದ್ಬಿಡಬೇಕು. ಅದನ್ನ ಪಾರ್ಸೆಲ್ ತಗೊಂಡು ಹೋಗಿ ಮೂರು ದಿನ ಬಿಟ್ಟು ಬೂಷ್ಟು ಬಂತು ಅಂದ್ರೆ ತಪ್ಪು ಅಂಗಡಿಯೋರದ್ದಲ್ಲ. ಕಾಯಿ ಅಥವಾ ಕೊಬ್ಬರಿ ರುಬ್ಬಿ ಹಾಕಿದ ಕೋಡುಬಳೆ ರುಚಿ ಜಾಸ್ತಿ, ಆಯಸ್ಸು ಕಮ್ಮಿ, ಬೇಗ ಕಮಟು ಹಿಡಿಯತ್ತೆ. ವಾರಕ್ಕಿಂತ ಹೆಚ್ಚು ಇಡೋದಾದ್ರೆ ಕಾಯಿ ಹಾಕಿದೀರಾ ಅಂತ ಕೇಳಿ ತಗೊಳ್ಳಿ.

ಚಕ್ಕುಲಿಗೆ ಮುಳ್ಳು ನೋಡಬೇಕು. ಮುಳ್ಳು ಚೂಪಾಗಿ ನಿಂತಿದ್ರೆ ಹಿಟ್ಟು ಹದವಾಗಿ ಕಲಸಿದಾರೆ. ತುಂಬಾ ಉಬ್ಬಿ, ಹಗುರವಾಗಿ, ಬಾಯಲ್ಲಿಟ್ರೆ ಎಣ್ಣೆ ಒಸರಿದ್ರೆ ಸೋಡಾ ಹೆಚ್ಚಾಗಿದೆ, ಸೋಡಾ ಹಾಕಿದ ಹಿಟ್ಟು ಎಣ್ಣೆ ಕುಡಿಯತ್ತೆ. ಪೇಪರ್ ಮೇಲೆ ಒಂದು ನಿಮಿಷ ಇಟ್ಟು ಎತ್ತಿ, ಚಕ್ಕುಲಿ ಆಕಾರದ್ದೇ ಎಣ್ಣೆ ಕಲೆ ಬಿದ್ರೆ ವಾಪಸ್ ಕೊಡಿ. ಬೆಣ್ಣೆ ಮುರುಕಲ್ಲಿ ಬೆಣ್ಣೆ ಇದೆಯಾ ಅನ್ನೋದು ಇನ್ನೊಂದು ಕತೆ. ಪ್ಯಾಕೆಟ್ಟಾದ್ರೆ ಹಿಂದೆ ತಿರುಗಿಸಿ ಏನೇನು ಹಾಕಿದಾರೆ ಅನ್ನೋ ಪಟ್ಟಿ ಓದಿ, ಜಾಸ್ತಿ ಇರೋದು ಮೊದಲು, ಕಮ್ಮಿ ಇರೋದು ಕೊನೇಗೆ ಬರತ್ತೆ. ಬೆಣ್ಣೆ ಅನ್ನೋದು ಉಪ್ಪು ಇಂಗಿನ ಪಕ್ಕ ಕೂತಿದ್ರೆ ನೀವೇ ಅರ್ಥ ಮಾಡ್ಕೊಳ್ಳಿ. ಶಿರಸಿ ಸಿದ್ದಾಪುರ ಕಡೆಯ ಕೈಚಕ್ಕುಲಿ ಎಲ್ಲಾದ್ರೂ ಕಂಡ್ರೆ ರೇಟ್ ಕೇಳದೇ ತಗೊಳ್ಳಿ, ಒರಳಲ್ಲಿ ಒತ್ತಿದ್ದಲ್ಲ ಅದು, ಹಿಟ್ಟನ್ನ ಬೆರಳಲ್ಲೇ ಹೊಸೆದು ಸುತ್ತು ಹಾಕ್ತಾರೆ, ಚೌತಿ ಹಬ್ಬದ ಟೈಮಲ್ಲಿ ಊರವರೆಲ್ಲಾ ಒಂದೊಂದು ಮನೇಲಿ ಸೇರಿ ಮಾಡೋ ಚಕ್ಕುಲಿ ಕಂಬಳ ಅಂತಾನೇ ಇದೆ ಅಲ್ಲಿ. ಅದರ ಕೂಲಿಗೆ ಯಾವ ರೇಟೂ ಹೆಚ್ಚಲ್ಲ.

ನಿಪ್ಪಟ್ಟು ತೆಳ್ಳಗಿರೋದು ತಗೊಳ್ಳಿ, ದಪ್ಪ ಇದ್ರೆ ನಡುವೆ ಬೆಂದಿರಲ್ಲ. ಅಷ್ಟೇ.

ಕಾಂಗ್ರೆಸ್ ಕಡಲೆಕಾಯಿ ಹೊರಗಿನೋರಿಗೆ ಗೊತ್ತಿರಲ್ಲ, ಹೆಸರು ಕೇಳಿ ನಗ್ತಾರೆ. ಸಿಪ್ಪೆ ತೆಗೆದು ಎರಡು ಹೋಳು ಮಾಡಿದ ಕಡಲೇಬೀಜಕ್ಕೆ ಅರಿಶಿನ, ಮೆಣಸಿನ ಪುಡಿ, ಇಂಗು, ಕರಿಬೇವಿನ ಒಗ್ಗರಣೆ, ಬೀಜ ಹುರಿದಿರ್ತಾರೆ, ಬೋಂಡಾ ಥರ ಹಿಟ್ಟು ಸುತ್ತಿರಲ್ಲ. 1969ರಲ್ಲಿ ಕಾಂಗ್ರೆಸ್ ಪಕ್ಷ ಎರಡು ಹೋಳಾದಾಗ ಈ ಹೆಸರು ಬಿತ್ತು ಅಂತ ಹಳಬರು ಹೇಳ್ತಾರೆ, ಆ ವರ್ಷ ಜುಲೈನಲ್ಲಿ ಪಕ್ಷದ ಅಧಿವೇಶನ ನಡೆದಿದ್ದೂ ಇಲ್ಲೇ ಲಾಲ್‌ಬಾಗಿನ ಗಾಜಿನ ಮನೇಲಿ, ಅದಕ್ಕೇ ಈ ಕತೆ ಬೆಂಗಳೂರಿಗೆ ಚೆನ್ನಾಗಿ ಅಂಟ್ಕೊಂಡಿದೆ. ವಿವಿ ಪುರದ ವಿಬಿ ಬೇಕರಿ, 1953ರದ್ದು, ಇದಕ್ಕೆ ಫೇಮಸ್ಸು. ತಗೊಳ್ಳುವಾಗ ಒಂದು ಹೋಳು ಅಗಿದು ನೋಡಿ, ನಾಲಿಗೆ ಹಿಂಭಾಗದಲ್ಲಿ ಕಹಿ ಉಳಿದ್ರೆ ಹಳೇ ಬೀಜ. ಕಡಲೇಬೀಜದಲ್ಲಿ ಎಣ್ಣೆ ಜಾಸ್ತಿ, ಗಾಳಿ ಬೆಳಕು ತಗಲಿದ್ರೆ ಎಲ್ಲದಕ್ಕಿಂತ ಮುಂಚೆ ಅದೇ ಕೆಡೋದು, ಗಾಜಿನ ಡಬ್ಬದಲ್ಲಿ ಬಿಸಿಲು ಬೀಳೋ ಕಡೆ ಇಟ್ಟಿದ್ರಂತೂ ತಗೊಳ್ಳಲೇಬೇಡಿ.

ಅವರೆಬೇಳೆಗೆ ಕಾಲ ನೋಡಿ ಹೋಗಬೇಕು. ಡಿಸೆಂಬರ್ ಜನವರೀಲಿ ಮಾಗಡಿ, ಕೋಲಾರ ಕಡೆಯಿಂದ ಸೊಗಡಿನ ಅವರೆ ಮೂಟೆ ಮೂಟೆ ಬರತ್ತೆ, ಆಗ ಹಸಿ ಕಾಳು ನೆನೆಸಿ ಹಿತುಕಿ ಕರಿದ ಬೇಳೆ ಸಿಗತ್ತೆ, ಬಾಯಲ್ಲಿಟ್ರೆ ಕರಗತ್ತೆ. ಬೇಸಿಗೇಲಿ ಸಿಗೋದು ಒಣ ಅವರೆ ನೆನೆಸಿ ಮಾಡಿದ್ದು, ಅದು ಗಟ್ಟಿ, ಸೊಗಡು ಇರಲ್ಲ, ರೇಟ್ ಮಾತ್ರ ಅಷ್ಟೇ ಇರತ್ತೆ. ಹಾಗಾಗಿ ವರ್ಷದ ಅವರೆಬೇಳೆ ಆಸೆಯೆಲ್ಲಾ ಆ ಎರಡು ತಿಂಗಳಲ್ಲೇ ತೀರಿಸ್ಕೊಳ್ಳಿ. ವಾಸವಿ ಕಾಂಡಿಮೆಂಟ್ಸ್‌ನೋರು ಅವರೆಬೇಳೆ ಮೇಳ ಅಂತ ಮಾಡ್ತಾರೆ ಆ ಸೀಸನ್ನಲ್ಲಿ, ಅವರೆ ದೋಸೆ, ಅವರೆ ಜಿಲೇಬಿ ಅಂತ ಏನೇನೋ ಇರತ್ತೆ, ಜನ ಜಾತ್ರೆ, ನಾನು ಹೋಗೋದು ವಾರದ ದಿನ ಮಧ್ಯಾಹ್ನ, ಭಾನುವಾರ ಹೋದ್ರೆ ಅವರೆಗಿಂತ ಭುಜಗಳೇ ಜಾಸ್ತಿ ಸಿಗತ್ತೆ. ರೇಟ್ ಯಾಕಿಷ್ಟು ಅಂದ್ರೆ ಕಾಳು ಒಂದೊಂದೇ ಕೈಯಲ್ಲಿ ಹಿತುಕಬೇಕಲ್ಲ, ಮನೇಲಿ ಒಂದ್ಸಲ ಎರಡು ಕೆಜಿ ಕಾಯಿ ತಂದು ಬಿಡಿಸಿ ಹಿತುಕಿ ನೋಡಿ, ಆಮೇಲೆ ಅಂಗಡೀಲಿ ಚೌಕಾಸಿ ಮಾಡೋಕೆ ಬಾಯೇ ಬರಲ್ಲ.

ಮಿಕ್ಸ್ಚರಲ್ಲಿ ಮೋಸ ಸುಲಭ. ದುಬಾರಿ ಐಟಂ ಗೋಡಂಬಿ, ಕಡಲೇಬೀಜ, ಅವರೆ, ಅಗ್ಗದ್ದು ಪುರಿ, ಸೇವು. ಮೇಲೆ ಚೆನ್ನಾಗಿ ಕಾಣಲಿ ಅಂತ ನಾಲ್ಕು ಗೋಡಂಬಿ ಉದುರಿಸಿರ್ತಾರೆ, ಡಬ್ಬ ಖಾಲಿಯಾಗ್ತಾ ಬಂದ ಹಾಗೆ ಪುಡಿಯೆಲ್ಲಾ ತಳಕ್ಕೆ ಕೂತಿರತ್ತೆ. ಅರ್ಧಕ್ಕಿಂತ ಕೆಳಗಿಳಿದ ಡಬ್ಬದಿಂದ ಮಿಕ್ಸ್ಚರ್ ತಗೋಬೇಡಿ, ತಗೊಂಡ್ರೂ ಒಂದ್ಸಲ ಕಲಸಿ ಹಾಕಿ ಅಂತ ಹೇಳಿ. ನಮ್ಮನೇಲಿ ಬರೀ ಖಾರಾ ಬೂಂದಿ ಕಾಲು ಕೆಜಿ, ಅವಲಕ್ಕಿ ಮಿಕ್ಸ್ಚರ್ ಕಾಲು ಕೆಜಿ, ಕಾಂಗ್ರೆಸ್ ನೂರು ಗ್ರಾಂ ತಂದು ನಾವೇ ಕಲಸ್ತೀವಿ, ಸ್ಪೆಷಲ್ ಮಿಕ್ಸ್ಚರ್ ಅಂತ ಬೋರ್ಡ್ ಹಾಕಿದ್ದಕ್ಕಿಂತ ಅಗ್ಗ ಬೀಳತ್ತೆ, ಕಡಲೇಬೀಜಕ್ಕೆ ಮಕ್ಕಳು ಜಗಳ ಆಡಲ್ಲ.

ಬಾಳೆಕಾಯಿ ಚಿಪ್ಸು, ಹಲಸಿನ ಚಿಪ್ಸು ಕಾಂಡಿಮೆಂಟ್ಸ್ ಅಂಗಡೀಲೂ ಸಿಗತ್ತೆ, ಆದ್ರೆ ಅದಕ್ಕೆ ಮಂಗಳೂರು ಸ್ಟೋರ್‌ಗೆ ಹೋಗಿ. ಬೆಂಗಳೂರಿನ ಬಹಳ ಬಡಾವಣೆಗಳಲ್ಲಿ ಮಂಗಳೂರು ಸ್ಟೋರ್ ಅಂತ ಒಂದು ಇರತ್ತೆ, ಕುಚ್ಚಲಕ್ಕಿ, ತೆಂಗಿನೆಣ್ಣೆ, ಪುನರ್ಪುಳಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮಾಂಬಳ ಎಲ್ಲಾ ಒಂದೇ ಕಡೆ. ಅಲ್ಲಿ ಚಿಪ್ಸಿಗೆ ಎರಡು ರೇಟ್ ಇರತ್ತೆ, ತೆಂಗಿನೆಣ್ಣೇಲಿ ಕರಿದಿದ್ದು ಕೆಜಿಗೆ 500 ಚಿಲ್ಲರೆ, ಬೇರೆ ಎಣ್ಣೇದು ನೂರು ನೂರೈವತ್ತು ಕಮ್ಮಿ. ಕಣ್ಣಿಗೆ ಒಂದೇ ಥರ ಕಾಣತ್ತೆ, ಮೂಗಿಗೆ ಗೊತ್ತಾಗತ್ತೆ. ಇನ್ನೊಂದು ಗುರುತು ಹೇಳ್ತೀನಿ, ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಲ್ಲೇ ಗಟ್ಟಿಯಾಗತ್ತೆ, ಹಾಗಾಗಿ ಬೆಂಗಳೂರಿನ ಚಳೀಲಿ ಆ ಚಿಪ್ಸ್ ಮೇಲೆ ತೆಳ್ಳಗೆ ಬಿಳೀ ಪೊರೆ ಥರ ಕೂರತ್ತೆ. ನಮ್ಮ ಪಕ್ಕದ ಮನೆಯೋರು ಅದನ್ನ ಬೂಷ್ಟು ಅಂದ್ಕೊಂಡು ಅರ್ಧ ಕೆಜಿ ಬಿಸಾಕಿದ್ರು, ನನ್ನ ಹೊಟ್ಟೆ ಉರಿದುಹೋಯ್ತು. ಬಿಸಿಲಲ್ಲಿ ಎರಡು ನಿಮಿಷ ಇಟ್ಟಿದ್ರೆ ಹೋಗಿರೋದು. ಹಲಸಿನ ಚಿಪ್ಸು ಬಾಳೆಕಾಯಿಗಿಂತ ದುಬಾರಿ, ಕಾರಣ ಸೀಸನ್ ಸಣ್ಣದು, ತೊಳೆ ಬಿಡಿಸಿ ಸೀಳೋ ಕೆಲಸ ಜಾಸ್ತಿ, ಏಪ್ರಿಲ್ ಮೇ ಹೊತ್ತಿಗೆ ಹೊಸದು ಬರತ್ತೆ. ಹಲಸಿನ ಹಪ್ಪಳನೂ ಆಗಲೇ ತಗೊಂಡ್ರೆ ಮಳೆಗಾಲಕ್ಕೆ ಆಗತ್ತೆ. ಕಟ್ಟಿನ ಮೇಲೆ ಎಷ್ಟು ಹಪ್ಪಳ ಅಂತ ಎಣಿಸಿ, 25 ಅಂತ ಹೇಳಿ 20 ಇರೋ ಕಟ್ಟು ಉಂಟು, ಅಗಲನೂ ನೋಡಿ.

ಹಪ್ಪಳ ಸಂಡಿಗೆಗೆ ಬಸವನಗುಡಿ ಕಡೆಯೋರು ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿ ಬಿಟ್ಟು ಬೇರೆ ಹೆಸರೇ ಹೇಳಲ್ಲ, 1948ರಿಂದ ಇದೆ ಅದು, ಪುಟ್ಟ ಅಂಗಡಿ, ಹುರಿಗಾಳು ಕೂಡ ಅಲ್ಲೇ ತಗೊಳ್ಳಿ. ಹುರಿಗಾಳು ಎಣ್ಣೆ ಕಮ್ಮಿ, ರೇಟೂ ಕಮ್ಮಿ, ಸಂಜೆ ಕಾಫಿಗೆ ಒಂದು ಹಿಡಿ ಸಾಕು, ಯಾಕೋ ಈಗಿನ ಹುಡುಗ್ರು ಅದನ್ನ ಕೇಳೋದೇ ಇಲ್ಲ.

ಉತ್ತರ ಕರ್ನಾಟಕದ ತಿಂಡಿ ಮಾರೋ ಅಂಗಡಿಗಳು ಈಗ ವಿಜಯನಗರ, ಮಲ್ಲೇಶ್ವರ ಕಡೆ ಎಲ್ಲಾ ಜಾಸ್ತಿಯಾಗಿವೆ, ಅಲ್ಲಿ ಲೆಕ್ಕ ಬೇರೆ ಥರ. ಕಟಕ್ ರೊಟ್ಟಿ ಎಣಿಕೆ ಮೇಲೆ, ಒಂದಕ್ಕೆ ಹತ್ತು ಹನ್ನೆರಡು ರೂಪಾಯಿ, ಶೇಂಗಾ ಹೋಳಿಗೆನೂ ಎಣಿಕೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ತೂಕದ ಮೇಲೆ. ರೊಟ್ಟಿ ಒಡೆದಿದ್ರೆ ಬೇಡ ಅನ್ನಬೇಡಿ, ಹೆಂಗಿದ್ರೂ ಮುರಿದೇ ತಿನ್ನೋದು, ಒಡಕು ರೊಟ್ಟಿ ಅಂತ ಕೇಳಿದ್ರೆ ಕಮ್ಮಿಗೆ ಕೊಡೋರೂ ಇದಾರೆ. ಗೋಕಾಕದ ಕರದಂಟು, ಧಾರವಾಡದ ಫೇಡಾ, ಬೆಳಗಾವಿ ಕುಂದಾ ಯಾವ ದಿನ ಲಾರೀಲಿ ಬರತ್ತೆ ಅಂತ ಕೇಳ್ಕೊಂಡು ಮಾರನೇ ದಿನ ಹೋಗಿ. ಫೇಡಾ ಕುಂದಾ ಹಾಲಿನ ಪದಾರ್ಥ, ಕರದಂಟು ಬೆಲ್ಲ ಅಂಟು ಒಣಹಣ್ಣಿನದ್ದು, ಕರದಂಟು ತಿಂಗಳುಗಟ್ಟಲೆ ತಡೆಯತ್ತೆ, ಕುಂದಾ ತಡೆಯಲ್ಲ. ಲೂಸ್ ಸಿಹಿ ಮಾರೋ ಕಡೆ ಟ್ರೇ ಮೇಲೆ ಯಾವ ದಿನದೊಳಗೆ ತಿನ್ನಬೇಕು ಅಂತ ಬರೆದಿರಬೇಕು, 2020ರ ಅಕ್ಟೋಬರಿಂದ ಆಹಾರ ಸುರಕ್ಷತಾ ಪ್ರಾಧಿಕಾರದೋರು ಜಾರಿಗೆ ತಂದ ನಿಯಮ, ಬರೆದಿಲ್ಲ ಅಂದ್ರೆ ಕೇಳಿ, ಕೇಳಿದ್ರೆ ತಪ್ಪೇನಿಲ್ಲ.

ಸಿಹಿ ತೂಕ ಮಾಡುವಾಗ ಡಬ್ಬದ ಮೇಲೆ ಕಣ್ಣಿರಲಿ. ಕೆಜಿಗೆ 800ರ ಸಿಹಿ, ರಟ್ಟಿನ ಡಬ್ಬ 60 ಗ್ರಾಂ ಇದೆ ಅನ್ಕೊಳ್ಳಿ, ಡಬ್ಬ ಸೇರಿಸಿ ತೂಗಿದ್ರೆ 48 ರೂಪಾಯಿ ರಟ್ಟಿಗೆ ಹೋಯ್ತು. "ಸ್ವಾಮಿ, ಡಬ್ಬದ ತೂಕ ಕಳೀರಿ" ಅಂತ ನಗ್ತಾ ಹೇಳಿ, ಮುಖ ಗಂಟಿಕ್ಕಿ ಹೇಳಿದ್ರೆ ಮುಂದಿನ ಸಲ ಪುಡಿ ಹಾಕ್ತಾರೆ. ನಾನು ಸ್ಟೀಲ್ ಡಬ್ಬ ತಗೊಂಡು ಹೋಗ್ತೀನಿ, ಮೊದಲು ಖಾಲಿ ಡಬ್ಬ ಇಟ್ಟು ಸೊನ್ನೆ ಮಾಡಿಸ್ತೀನಿ.

ಯಾವಾಗ ಹೋಗಬೇಕು ಅನ್ನೋದಕ್ಕೆ ನನ್ನ ಅನುಭವ ಹೇಳ್ತೀನಿ. ಹಿಂದೆ ಅಡುಗೆಮನೆ ಇರೋ ಅಂಗಡೀಲಿ ಬೆಳಗ್ಗೆ ಕರೀತಾರೆ, ಹನ್ನೊಂದರ ಹೊತ್ತಿಗೆ ಡಬ್ಬ ತುಂಬಿರತ್ತೆ, ಆಗ ಜನ ಇರಲ್ಲ, ಮಾತಾಡೋಕೂ ಪುರುಸೊತ್ತು ಇರತ್ತೆ. ನಾಲ್ಕರ ಮೇಲೆ ಬಿಸಿ ಬೋಂಡಾ ಅಂಬೊಡೆ ಶುರುವಾಗತ್ತೆ, ಆಗ ಕುರುಕಲು ತಗೊಳ್ಳೋಕೆ ಹೋದ್ರೆ ಕ್ಯೂ, ಮತ್ತೆ ನಾವು ಅಂಬೊಡೆನೂ ತಿಂದೇ ಬರೋದು. ಎಣ್ಣೆ ಹೇಗಿದೆ ಅಂತ ನೋಡೋಕೂ ಅದೇ ಒಳ್ಳೆ ಟೈಮು, ಬಾಣಲೇಲಿ ನೊರೆ ನಿಂತಿದ್ರೆ, ಎಣ್ಣೆ ಕಾಫಿ ಬಣ್ಣ ಆಗಿದ್ರೆ, ಹೊಗೆ ಕಣ್ಣಿಗೆ ಹೊಡೆದ್ರೆ ಹಾಗೇ ಮುಂದೆ ನಡೀರಿ.

ಒಂದ್ಸಲ ನಾನೇ ಎಡವಿದ್ದೆ. ಅಕ್ಕ ಅಮೆರಿಕಾಗೆ ವಾಪಸ್ ಹೊರಟಿದ್ಲು, ಹಿಂದಿನ ದಿನ ರಾತ್ರಿ ಒಂಬತ್ತಕ್ಕೆ ಓಡಿಹೋಗಿ, ಯಾವಾಗಲೂ ಹೋಗೋ ಅಂಗಡಿ ಮುಚ್ಚಿತ್ತು ಅಂತ ಮೇನ್ ರೋಡಿನ ಇನ್ನೊಂದು ದೊಡ್ಡ ಅಂಗಡೀಲಿ ಎರಡು ಕೆಜಿ ಕೋಡುಬಳೆ ನಿಪ್ಪಟ್ಟು ಕಟ್ಟಿಸ್ಕೊಂಡು ಬಂದೆ, ರುಚಿ ನೋಡಲಿಲ್ಲ. ಅಲ್ಲಿ ಹೋಗಿ ಬಿಚ್ಚಿದ್ರೆ ಕಮಟು ವಾಸನೆ, ಅಕ್ಕ ಫೋನ್ ಮಾಡಿ "ಏನೋ, ದೀಪದೆಣ್ಣೇಲಿ ಕರೆಸ್ಕೊಂಡು ಬಂದ್ಯಾ" ಅಂದ್ಲು. ಹನ್ನೆರಡು ಸಾವಿರ ಕಿಲೋಮೀಟರಿಗಿಂತ ದೂರ ಹೋಗಿ ಕಸದ ಬುಟ್ಟಿಗೆ ಬಿದ್ದ ನಿಪ್ಪಟ್ಟು ಅದು. ಅವತ್ತಿಂದ ವಿದೇಶಕ್ಕೆ ಕಳಿಸೋದಾದ್ರೆ ಎರಡು ದಿನ ಮುಂಚೆ ಹೇಳಿ ಮಾಡಿಸ್ತೀನಿ, ಪೂರ್ತಿ ಆರಿದ ಮೇಲೆ ಪ್ಯಾಕ್ ಮಾಡಿಸ್ತೀನಿ, ಬಿಸಿ ಇದ್ದಾಗಲೇ ಕಟ್ಟಿದ್ರೆ ಆವಿ ನೀರಾಗಿ ಮೆತ್ತಗಾಗತ್ತೆ. ವ್ಯಾಕ್ಯೂಮ್ ಪ್ಯಾಕಲ್ಲಿ ಚಕ್ಕುಲಿ ಪುಡಿಪುಡಿ ಆಗತ್ತೆ, ಅದಕ್ಕಿಂತ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ಟಿಶ್ಯೂ ಹಾಕಿ ಒತ್ತಾಗಿ ಜೋಡಿಸೋದು ವಾಸಿ. ಅಂಗಡಿ ಹೆಸರು, ಏನೇನು ಹಾಕಿದೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರೋ ಲೇಬಲ್ ಇದ್ರೆ ಅಲ್ಲಿ ಕಸ್ಟಮ್ಸ್‌ನೋರು ಕೇಳಿದಾಗ ತೋರಿಸೋಕೆ ಸುಲಭ. ಚಟ್ನಿ ಪುಡಿ ದೊಡ್ಡ ಪ್ಯಾಕೆಟ್ಟನ್ನ ಕೈಲಿ ಹಿಡಿಯೋ ಬ್ಯಾಗಲ್ಲಿ ಇಡಬೇಡಿ, ಅಮೆರಿಕಾ ಫ್ಲೈಟಿಗೆ 350 ಎಂಎಲ್ ಮೀರಿದ ಪುಡಿ ಇದ್ರೆ ಬೇರೆ ತಪಾಸಣೆ ಮಾಡ್ತಾರೆ, ಚೆಕ್-ಇನ್‌ಗೆ ಹಾಕಿ. ಒಣಕೊಬ್ಬರಿ ಮಾತ್ರ ಬೇಡವೇ ಬೇಡ, ಬೆಂಕಿ ಹೊತ್ಕೊಳ್ಳೋ ಸಾಮಾನಿನ ಪಟ್ಟೀಲಿ ಇದೆ ಅದು.

ಹಬ್ಬದ ವಿಷಯ ಸ್ವಲ್ಪ. ಗೋಕುಲಾಷ್ಟಮಿ ಹಿಂದಿನ ದಿನ ಕಾಂಡಿಮೆಂಟ್ಸ್ ಅಂಗಡಿಗೆ ಹೋಗೋದು ಅಂದ್ರೆ ಮೆಜೆಸ್ಟಿಕ್ಕಲ್ಲಿ ಹಬ್ಬದ ದಿನ ಬಸ್ ಹತ್ತಿದ ಹಾಗೆ, ನಾಲ್ಕು ದಿನ ಮುಂಚೆ ಬರೆಸಿ ಬಂದ್ಬಿಡಿ. ಎಲ್ಲಾ ಥರದ್ದೂ ಎರಡೆರಡು ಹಾಕಿದ ಸೆಟ್ ಡಬ್ಬ ಮಾರ್ತಾರೆ, ಅದರ ಮೇಲಿನ ತೂಕ ನೋಡಿ ಕೆಜಿಗೆ ಎಷ್ಟು ಅಂತ ಲೆಕ್ಕ ಹಾಕಿ, ನಾನು ನೋಡಿದಾಗೆಲ್ಲಾ ಲೂಸಿಗಿಂತ ಜಾಸ್ತಿನೇ ಬಿದ್ದಿದೆ, ಕೃಷ್ಣನಿಗೆ ನೂರು ನೂರು ಗ್ರಾಂ ಲೂಸ್ ಕಟ್ಟಿಸಿದ್ರೂ ನಡೆಯತ್ತೆ. ಸಂಕ್ರಾಂತಿ ಎಳ್ಳು ಬೆಲ್ಲದಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೇಬೀಜ, ಹುರಿಗಡಲೆ ಐದು ಐಟಂ, ಇವುಗಳಲ್ಲಿ ಹುರಿಗಡಲೆ ಅಗ್ಗ, ಕೊಬ್ಬರಿ ದುಬಾರಿ. ಎರಡು ಅಂಗಡಿ ರೇಟಲ್ಲಿ ಕೆಜಿಗೆ ನೂರು ವ್ಯತ್ಯಾಸ ಇದ್ರೆ ಕೈಯಲ್ಲಿ ಒಂದು ಹಿಡಿ ತಗೊಂಡು ಎಣಿಸಿ ನೋಡಿ, ಹಿಡಿ ತುಂಬ ಹುರಿಗಡಲೆನೇ ಇದ್ರೆ ಅಗ್ಗ ಯಾಕಾಯ್ತು ಅಂತ ಗೊತ್ತಾಗತ್ತೆ. ಮಡಿ ಇರೋ ಮನೆಗೆ ತಗೊಂಡು ಹೋಗೋದಾದ್ರೆ ಈರುಳ್ಳಿ ಬೆಳ್ಳುಳ್ಳಿ ಹಾಕಿದೀರಾ ಅಂತ ಕೇಳಿ, ಕೆಲವು ಕಡೆ ನಿಪ್ಪಟ್ಟಿಗೂ ಖಾರಾ ಸೇವಿಗೂ ಬೆಳ್ಳುಳ್ಳಿ ಬಿದ್ದಿರತ್ತೆ.

ಮನೆಗೆ ತಂದ ಮೇಲೆ ಕವರಲ್ಲೇ ಬಿಟ್ಟು ರಬ್ಬರ್ ಬ್ಯಾಂಡ್ ಹಾಕಿದ್ರೆ ಎಲ್ಲಾ ಹಾಳು, ಮಳೆಗಾಲದಲ್ಲಂತೂ ಒಂದು ರಾತ್ರಿ ಸಾಕು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ಒಣಗಿದ ಕೈ, ಖಾರದ್ದು ಸಿಹೀದು ಬೇರೆ ಬೇರೆ. ಒಂದ್ಸಲಕ್ಕೆ ವಾರಕ್ಕೆ ಆಗೋಷ್ಟೇ ತನ್ನಿ, ಅಂಗಡಿ ಎಲ್ಲೂ ಓಡಿಹೋಗಲ್ಲ. ಮೆತ್ತಗಾದ ಚಕ್ಕುಲಿ ಕೋಡುಬಳೆಯನ್ನ ದಪ್ಪ ತಳದ ಬಾಣಲೇಲಿ ಸಣ್ಣ ಉರೀಲಿ ನಾಲ್ಕೈದು ನಿಮಿಷ ಬೆಚ್ಚಗೆ ಮಾಡಿ ಆರಿಸಿದ್ರೆ ಮತ್ತೆ ಗರಿ ಆಗತ್ತೆ, ಕಮಟು ಬಂದಿದ್ದು ಮಾತ್ರ ಏನು ಮಾಡಿದ್ರೂ ಸರಿಯಾಗಲ್ಲ, ಆಸೆ ಬಿಡಿ.

ಮುರಿದ ಚಕ್ಕುಲಿ, ನಿಪ್ಪಟ್ಟಿನ ಚೂರು, ಡಬ್ಬದ ತಳದ ಮಿಕ್ಸ್ಚರ್ ಪುಡಿ ಇದೆಲ್ಲಾ ಸಂಜೆ ಹೊತ್ತಿಗೆ ಅಂಗಡೀಲಿ ಒಂದು ಕಡೆ ಕೂಡಿಟ್ಟಿರ್ತಾರೆ, ಬೋರ್ಡ್ ಹಾಕಿರಲ್ಲ, ಗುರುತಿನೋರು ಕೇಳಿದ್ರೆ ಅರ್ಧ ರೇಟಿಗೆ ಕಟ್ಟಿಕೊಡ್ತಾರೆ. ಅದನ್ನ ತಂದು ಮಂಡಕ್ಕಿ ಜೊತೆ ಹಾಕಿ, ಈರುಳ್ಳಿ, ಟೊಮ್ಯಾಟೊ, ತುರಿದ ಕ್ಯಾರೆಟ್, ಕೊತ್ತಂಬರಿ, ಒಂದು ಹೋಳು ನಿಂಬೆಹಣ್ಣು ಹಿಂಡಿ, ಒಂದು ಚಮಚ ಹಸೀ ಕೊಬ್ಬರಿ ಎಣ್ಣೆ ಬಿಟ್ಟು ಕಲಸಿ, ತಕ್ಷಣ ತಿನ್ನಿ, ಫೋನ್ ಬಂದ್ರೂ ಎತ್ತಬೇಡಿ, ಎರಡು ನಿಮಿಷಕ್ಕೆ ಮೆತ್ತಗಾಗತ್ತೆ.